ಅಜ್ಜಿ ತಡೆಹಿಡಿದ ಕೊನೆಯ ಅಧ್ಯಾಯ

ಓದುಗರಲ್ಲಿ ಮೊದಲಿಗೇ ಒಂದು ಅರಿಕೆ. ಕಾದಂಬರಿಯೊಂದನ್ನು ಓದಿ ನನಗೆ ಏನನ್ನಿಸಿತೆಂದು ಬರೆಯಲು ಕುಳಿತಿದ್ದೇನೆ. ಆದರೆ ಆ ಕಾದಂಬರಿಯ ಹೆಸರು ನನಗೆ ತಿಳಿಯದು, ಬರೆದವರ ಹೆಸರೂ ತಿಳಿಯದು. ನನ್ನ ಕೈಗೆ ಬಂದ ಪ್ರತಿಗೆ ರಟ್ಟು ಇರಲಿಲ್ಲ, ಮೊದಲ ಹದಿನಾಲ್ಕು ಪುಟಗಳೂ ಇರಲಿಲ್ಲ. ವಿಮರ್ಶೆಯ ಕ್ರಮವನ್ನು ನಾನು ಕಲಿತವಳಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವರಲ್ಲಿ ನಾನೇ ಮೊದಲಿಗಳು ಎಂಬುದು ನಿಜ. ಆದರೆ ಅದರಿಂದ ನನಗೆ ಬಂದದ್ದು ವಿದ್ವತ್ತಿಗಿಂತ ಹೆಚ್ಚಾಗಿ ಹೆದರಿಕೆ. ಒಂದು ವಾಕ್ಯ ಬರೆದರೆ ಎರಡು ಸಲ ತಿದ್ದುತ್ತೇನೆ. ಮೂರನೆಯ ಸಲ ಓದಿದಾಗ ಮೊದಲಿನದೇ ಸರಿಯಿತ್ತೆಂದು ತೋರುತ್ತದೆ. ಆದ್ದರಿಂದ ಈ ಬರಹದಲ್ಲಿ ಹಿಂದುಮುಂದಾದದ್ದು, ಹೇಳಬೇಕಾದುದನ್ನು ಬಿಟ್ಟದ್ದು, ಬೇಡವಾದುದನ್ನು ಹಿಗ್ಗಿಸಿದ್ದು ಕಂಡುಬಂದರೆ ಮನ್ನಿಸಬೇಕೆಂದು ಕೋರುತ್ತೇನೆ.

ಇದೆಲ್ಲ ನೆನಪಾದದ್ದು ಹೋದ ವಾರ, ಬಸ್ಸಿನಲ್ಲಿ. ಚನ್ನಗಿರಿಯಿಂದ ಹೊನ್ನಾಳಿಗೆ ಹೊರಟಿದ್ದೆ. ಕೈಯಲ್ಲೊಂದು ಕಥಾಸಂಕಲನವಿತ್ತು. ಬಸ್ಸು ಹೊಳೆ ದಾಟಿ ಹೊನ್ನಾಳಿಯ ನಿಲ್ದಾಣ ಮುಟ್ಟುವ ಹೊತ್ತಿಗೆ ಸರಿಯಾಗಿ ಕಥೆಯ ತಾಯಿ ಹಾಸಿಗೆ ಹಿಡಿದಳು. ಜನ ಇಳಿಯುವಷ್ಟರಲ್ಲಿ ಕಣ್ಣು ಮುಚ್ಚಿದಳು. ಅಂಥ ಕಡೆಯಲ್ಲಿ ಪುಸ್ತಕ ಮುಚ್ಚುವುದು ನನ್ನಿಂದ ಸಾಧ್ಯವಿಲ್ಲ. ಮುಂದೆ ಎಲ್ಲಾದರೂ ಒಂದು ಒಳ್ಳೆಯ ಮಾತು ಬರಲಿ, ಯಾರಾದರೂ ಯಾರಿಗಾದರೂ ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡಲಿ, ಆಮೇಲೆ ಇಳಿದರಾಯಿತು ಎಂದು ಓದುತ್ತಲೇ ಕುಳಿತೆ. ಯಾರೂ ಏನೂ ಕೊಡಲಿಲ್ಲ. ತಲೆ ಎತ್ತಿದಾಗ ಬಸ್ಸು ನ್ಯಾಮತಿಯ ಹಾದಿ ಹಿಡಿದಿತ್ತು.

“ಮೇಡಂ, ನಿಮ್ಮ ಟಿಕೇಟು ಹೊನ್ನಾಳಿಗೆ ಐತೆ. ಹೊನ್ನಾಳಿ ಹಿಂದಾತು,” ಎಂದ ಕಂಡಕ್ಟರು.

“ಇನ್ನೊಂದು ಪುಟ ಇದೆ,” ಎಂದು ಬಾಯಿ ತಪ್ಪಿ ಅಂದೆ.

“ಹಂಗಾದ್ರೆ ನಿಧಾನಕ್ಕೆ ಓದ್ರಿ. ಶಿವಮೊಗ್ಗ ಇನ್ನೂ ದೂರ ಐತೆ,” ಎಂದು ಆತ ಮುಂದಿನ ಸೀಟಿಗೆ ಹೋದ.

ಈ ಅಭ್ಯಾಸವನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಯ ಕಡೆಗಿರುವ ನಮ್ಮ ಊರಿನ ಮನೆಯಲ್ಲಿ ಕಲಿತೆ. ಅಜ್ಜ ಬದುಕಿರುವಷ್ಟು ಕಾಲ ನಮ್ಮ ಪಡಸಾಲೆಯಲ್ಲಿ ಪ್ರತಿ ಶ್ರಾವಣದಲ್ಲೂ ಪುರಾಣ ಓದುತ್ತಿದ್ದ. ಪುರಾಣಕ್ಕೆ ನಮ್ಮ ಮನೆಯಲ್ಲಿ ಮೂರು ಕಟ್ಟಳೆಗಳಿದ್ದವು. ಪುಸ್ತಕವನ್ನು ನೆಲದ ಮೇಲಿಡದೆ ವ್ಯಾಸಪೀಠದ ಮೇಲೆ, ಅಂದರೆ ಅದಕ್ಕೆಂದೇ ಇದ್ದ ಮಡಿಸುವ ಮರದ ಹಲಗೆಯ ಮೇಲೆ ಇಡಬೇಕು. ಸಾವು, ಜಗಳ, ಕಾಡುಪಾಲು ಇಂಥ ಸಂಗತಿ ಬಂದಲ್ಲಿ ಅಂದಿನ ಓದನ್ನು ನಿಲ್ಲಿಸಬಾರದು. ಎಷ್ಟೇ ಹೊತ್ತಾಗಲಿ, ಒಂದು ಶುಭದ ಮಾತು ಬರುವತನಕ ಓದಿಯೇ ಮುಚ್ಚಬೇಕು. ಮೂರನೆಯದು, ಮಂಗಳದ ದಿನ, ಎಂದರೆ ಕೊನೆಯ ಅಧ್ಯಾಯ ಓದುವ ದಿನ, ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕರೆಸಿ ಉಡಿ ತುಂಬಬೇಕು. ಈ ಮೂರನೆಯ ಕಟ್ಟಳೆಯ ಬಗೆಗೇ ನಾನು ಹೇಳಬೇಕಾಗಿರುವುದು. ಆದರೆ ಅದಕ್ಕೆ ಮೊದಲು ಪುಸ್ತಕ ನನಗೆ ಹೇಗೆ ಸಿಕ್ಕಿತೆಂಬುದನ್ನು ತಿಳಿಸದಿದ್ದರೆ ಕ್ರಮವಾಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಚನ್ನಗಿರಿಯ ಒಂದು ಶಾಲೆಗೆ ಹೊಸದಾಗಿ ಉಪಾಧ್ಯಾಯಿನಿಯಾಗಿ ಸೇರಿದ್ದೆ. ಕತ್ತಲಗೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ಉಪಾಧ್ಯಾಯಿನಿಯೊಬ್ಬರಿಗೆ ನನ್ನ ಮೇಲೆ ಮರುಕ. ನಾನು ಸ್ಟಾಫ್ ರೂಮಿನಲ್ಲಿ ಮಾತಾಡುವ ಮೊದಲು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು ನೋಡುತ್ತೇನೆಂಬುದನ್ನು ಅವರು ಕಂಡುಹಿಡಿದಿದ್ದರು. ಊರಿನ ಮಾತು ಎಲ್ಲಿ ಜಾರಿಬಿಡುವುದೋ ಎಂಬ ಭಯ ನನಗೆ. ‘ಐತೆ’ ಎನ್ನುವ ಬಾಯಿಗೆ ‘ಇದೆ’ಯನ್ನು ರೂಢಿ ಮಾಡಿಸಲು ಡಿಗ್ರಿಯ ಮೂರು ವರ್ಷವೂ ಸಾಲದಾಗಿತ್ತು. ಬೇಸಿಗೆ ರಜೆಯ ಹಿಂದಿನ ದಿನ ಅವರು ರಟ್ಟಿಲ್ಲದ ಒಂದು ದಪ್ಪ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿ, “ಇದು ನಿಮ್ಮ ಕಡೆಯ ಕಥೆ, ಓದಮ್ಮ. ಶಾಲೆ ತೆರೆಯೋ ದಿನ ವಾಪಸ್ ಬೇಕು. ಜೋಪಾನ, ನಮ್ಮ ಯಜಮಾನರದು,” ಎಂದರು.

ಬಾಡಿಗೆ ಕೋಣೆಯಲ್ಲಿ ಎರಡೇ ದಿನದಲ್ಲಿ ಆರುನೂರು ಪುಟ ಓದಿ ಮುಗಿಸಿದೆ. ಬಯಲುಸೀಮೆಯ ಒಂದು ಒಕ್ಕಲು ಮನೆತನದ ನಾಲ್ಕು ತಲೆಮಾರಿನ ಕಥೆ ಅದು. ಮುದ್ದಪ್ಪನೆಂಬುವನು ಹೆಂಡತಿ ಹಾಗೂ ಒಂದು ಎಮ್ಮೆಯೊಡನೆ ಬರಿದಾದ ಬಯಲಿಗೆ ಬಂದು ನೆಲೆ ನಿಲ್ಲುತ್ತಾನೆ. ಅವನಿಗೆ ಇಬ್ಬರು ಗಂಡುಮಕ್ಕಳು, ನೀಲವ್ವನೆಂಬ ಮಗಳು. ಅವರ ಮಕ್ಕಳು, ಮೊಮ್ಮಕ್ಕಳು. ಇಷ್ಟೇ ಹೇಳಿದರೆ ಯಾವ ಮನೆಯ ಕಥೆಯಾದರೂ ಇಷ್ಟೇ. ನಾನು ಬೆರಗಾದದ್ದು ಬೇರೆಯ ಕಾರಣಕ್ಕೆ. ನಮ್ಮ ಪಠ್ಯಗಳ ತುಂಬ ಹೊಳೆಗಳು, ಬೆಟ್ಟಗಳು, ಹೂಬಿಟ್ಟ ಕಾಡುಗಳು. ನಮ್ಮ ಊರಿನ ಸುತ್ತ ಅವು ಯಾವುವೂ ಇರಲಿಲ್ಲವಾದ್ದರಿಂದ, ಬರೆಯುವಂಥದ್ದು ನಮ್ಮಲ್ಲಿ ಏನೂ ಇಲ್ಲವೆಂದೇ ನಾನು ತಿಳಿದಿದ್ದೆ. ಈ ಪುಣ್ಯಾತ್ಮರು ಹೊಲದ ನಡುವಿನ ಒಂಟಿ ಜಾಲಿಮರದ ನೆರಳನ್ನು ಕುರಿತು ಎರಡು ಪುಟ ಬರೆದಿದ್ದರು. ಬೆಳಗಿನಿಂದ ಸಂಜೆಯವರೆಗೆ ಆ ನೆರಳು ನೆಲದ ಮೇಲೆ ಹೇಗೆ ಸರಿಯುತ್ತದೆ, ಕಳೆ ಕೀಳುವ ಮುದ್ದಪ್ಪನ ಹೆಂಡತಿ ಪ್ರತಿ ಸಾಲು ಮುಗಿದಾಗಲೂ ಓಡಿಬಂದು ಮಲಗಿದ ಕೂಸನ್ನು ಆ ನೆರಳಿನ ಹಿಂದೆ ಹಿಂದೆ ಹೇಗೆ ಎಳೆದಿಡುತ್ತಾಳೆ ಎಂಬುದನ್ನು ಬಿಟ್ಟರೆ ಆ ಎರಡು ಪುಟಗಳಲ್ಲಿ ಬೇರೇನೂ ನಡೆಯುವುದಿಲ್ಲ. ನಾನು ಉಸಿರು ಬಿಗಿಹಿಡಿದು ಓದಿದೆ.

ಇನ್ನೊಂದು ಸಂಗತಿಯನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಪುಸ್ತಕದ ಜನ ‘ಐತೆ’ ಎನ್ನುತ್ತಿದ್ದರು. ಅದು ಅಚ್ಚಾಗಿತ್ತು. ಒಂದು ಪುಟದಲ್ಲಿ ಐದಾರು ಕಡೆ. ಯಾರೋ ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ನೋಡಿದಂತೆ ಮೊದಲು ನನಗೆ ಎದೆ ಹೊಡೆದುಕೊಂಡಿತು.

ರಜೆಗೆ ಊರಿಗೆ ಹೋಗುವಾಗ ಪುಸ್ತಕವನ್ನೂ ಒಯ್ದೆ. ನಮ್ಮದು ಆಗ ಕೂಡು ಕುಟುಂಬ. ಅಜ್ಜಿ, ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅವ್ವ. ಬೇಸಿಗೆಯ ಮಧ್ಯಾಹ್ನ ಉಂಡ ಮೇಲೆ ಹೊರಗೆ ಕಾಲಿಡುವಂತಿರಲಿಲ್ಲವಾದ್ದರಿಂದ ಎಲ್ಲರೂ ಪಡಸಾಲೆಯಲ್ಲಿ ಒರಗಿಕೊಳ್ಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಎರಡನೆಯ ಸಲ ಓದತೊಡಗಿದ್ದನ್ನು ಅಜ್ಜಿ ನೋಡಿದಳು.

“ಏನೇ ನಿಮ್ಮಿ, ಪುರಾಣನಾ?”

“ಅಲ್ಲ ಅಜ್ಜಿ, ಕಾದಂಬರಿ.”

“ಹಂಗಂದ್ರೆ?”

“ಒಂದು ಮನೆತನದ ಕಥೆ. ಮುತ್ತಜ್ಜನಿಂದ ಮರಿಮಕ್ಕಳವರೆಗೆ.”

“ಹುಟ್ಟೋದು ಸಾಯೋದು ಎಲ್ಲ ಐತಾ ಅದ್ರಾಗೆ?”

“ಇದೆ.”

“ಮತ್ತೆ ಅದು ಪುರಾಣನೇ. ಕಾಲ ಮ್ಯಾಲೆ ಇಟ್ಕೊಂಡು ಓದಬ್ಯಾಡ, ಕಳ್ಳಿ,” ಎಂದು ಎದ್ದವಳು, ಅಟ್ಟದ ಮೇಲಿದ್ದ ವ್ಯಾಸಪೀಠವನ್ನು ಅಪ್ಪನ ಕೈಯಲ್ಲಿ ತೆಗೆಸಿ ಒರೆಸಿದಳು. ಓದುತ್ತಿದ್ದ ಅಜ್ಜ ಹೋದಂದಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ಬೇಡವೆನ್ನುವಷ್ಟರಲ್ಲಿ ಕತ್ತಲಗೆರೆಯ ಯಜಮಾನರ ಪುಸ್ತಕದ ಹದಿನೈದನೆಯ ಪುಟಕ್ಕೆ ಅರಿಸಿನ ಕುಂಕುಮ ಬಿದ್ದಾಗಿತ್ತು. ಜೋಪಾನ ಎಂದಿದ್ದವರ ಮುಖ ಕಣ್ಣ ಮುಂದೆ ಬಂತು. ಆದರೆ ಅಜ್ಜಿ ಸೆರಗು ಹೊದ್ದು ಕೈಮುಗಿದು ಕುಳಿತಿದ್ದಳು. ಓದದೆ ವಿಧಿಯಿರಲಿಲ್ಲ.

ಮೊದಲ ದಿನ ನಾನು ಮಾಡಿದ ತಪ್ಪು ಇದು: ಪುಸ್ತಕದ ಜನರ ಮಾತನ್ನು ತಿದ್ದಿ ಓದಿದೆ. ‘ಐತೆ’ ಇದ್ದಲ್ಲಿ ‘ಇದೆ’, ‘ಬರಾಕೆ’ ಇದ್ದಲ್ಲಿ ‘ಬರಲು’. ಅವರ ಮಾನ ಕಾಪಾಡುತ್ತಿದ್ದೇನೆಂದು ನನ್ನ ಭಾವನೆ. ಅರ್ಧ ಗಂಟೆ ಕೇಳಿದ ದೊಡ್ಡಪ್ಪ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ, “ಮೇಷ್ಟ್ರಮ್ಮ, ಈ ಮುದ್ದಪ್ಪ ಎಮ್ಮೆ ಹೊಡ್ಕೊಂಡು ಬಂದಾನೋ, ಜೀಪಿನಾಗೆ ಬಂದಾನೋ?” ಎಂದು ಕೇಳಿದರು.

“ಯಾಕೆ ದೊಡ್ಡಪ್ಪಾ?”

“ಎಮ್ಮೆ ಜೊತೀಗೂ ತಹಶೀಲ್ದಾರ್ ಮಾತಾಡಿದಂಗೆ ಮಾತಾಡ್ತಾನಲ್ಲ, ಅದಕ್ಕೆ.”

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮರುದಿನದಿಂದ ಇದ್ದದ್ದನ್ನು ಇದ್ದಂತೆಯೇ ಓದಿದೆ. ಮುದ್ದಪ್ಪ ಬಾಯಿ ಬಿಟ್ಟ ಕೂಡಲೆ ದೊಡ್ಡಪ್ಪ ಗೋಡೆಯಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿ ಕುಳಿತರು. ತಮ್ಮ ಮನೆಯ ಮಾತು ಪುಸ್ತಕದೊಳಗಿಂದ ಬರುವುದನ್ನು ಅವರು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದರು. ಇಡೀ ಪಡಸಾಲೆಯಲ್ಲಿ ಅದಕ್ಕಾಗಿ ನಾಚಿಕೆಪಟ್ಟವಳು ನಾನೊಬ್ಬಳೇ, ಓದಿದವಳು.

ಹೀಗೆ ಆ ಓದು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಪುಟದಂತೆ ನಡೆಯಿತು. ಜಾಲಿಮರದ ನೆರಳು ಬಂದ ದಿನ ಅಜ್ಜಿ ಅಪ್ಪನ ಕಡೆ ನೋಡಿ, “ನಿನ್ನ ಹಿಂಗೇ ಎಳೆದೆಳೆದು ಇಟ್ಟಿದ್ದು. ಒಂದ್ಸಲ ಮರೆತು ಬಿಟ್ಟು ನಿನ್ನ ಮೂಗು ಸುಟ್ಟಿತ್ತು,” ಎಂದಳು, ನಲವತ್ತು ದಾಟಿದ ಅಪ್ಪ ಮೂಗು ಮುಟ್ಟಿ ನೋಡಿಕೊಂಡರು. ಕೂರಿಗೆ ಹಿಡಿದು ಬಿತ್ತುವ ಭಾಗ ಬಂದಾಗ ದೊಡ್ಡಪ್ಪನಿಗೆ ಒಂದು ತಪ್ಪು ಸಿಕ್ಕಿತು. “ಸ್ವಾತಿ ಮಳೆಗೆ ಜೋಳ ಬಿತ್ತತಾರಾ ಯಾರಾದ್ರೂ? ತಡ ಆತು ಅದು. ಬರೆದೋನಿಗೆ ಇದೊಂದು ಗೊತ್ತಿಲ್ಲ,” ಎಂದರು. ಅಜ್ಜಿ ಬಿಡಲಿಲ್ಲ: “ಎತ್ತು ಸತ್ತಿತ್ತಲ್ಲೋ ಅವರದು. ಮೊನ್ನೆ ಓದಿದ್ದು ಮರೆತ್ಯಾ? ಬೇರೆ ಎತ್ತು ತರಾಕೆ ಹೊತ್ತಾಗೈತೆ.” ದೊಡ್ಡಪ್ಪ ಸ್ವಲ್ಪ ಯೋಚಿಸಿ, “ಹೌದಲ್ಲ, ಎತ್ತು ಸತ್ತಿತ್ತು,” ಎಂದು ತಪ್ಪೊಪ್ಪಿಕೊಂಡರು. ಮೂರು ಅಧ್ಯಾಯ ಹಿಂದಿನ ಎತ್ತನ್ನು ಬಿತ್ತನೆಯ ಮಳೆಯೊಂದಿಗೆ ಜೋಡಿಸಿ ಬರೆದವರ ನೆನಪಿಗೂ, ಅದನ್ನು ಹಿಡಿದ ಅಕ್ಷರ ಬಾರದ ನನ್ನ ಅಜ್ಜಿಯ ನೆನಪಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ. ಎರಡು ಸಲ ಓದಿಯೂ ನನಗೆ ಅದು ಹೊಳೆದಿರಲಿಲ್ಲ.

ನೀಲವ್ವನ ಮದುವೆಯ ದಿನ ಅಜ್ಜಿ ಅರಿಸಿನ ಕಲಸಿದ ಅಕ್ಕಿಕಾಳನ್ನು ಎಲ್ಲರ ಕೈಗೂ ಕೊಟ್ಟಿದ್ದಳು. ತಾಳಿ ಕಟ್ಟಿದ ವಾಕ್ಯ ಬಂದ ಕೂಡಲೆ ಎಲ್ಲರೂ ಪುಸ್ತಕದ ಮೇಲೆ ಹಾಕಿದರು. ಕೆಲವು ಕಾಳು ಹೊಲಿಗೆಯೊಳಗೆ ಸೇರಿಕೊಂಡವು. ನಾನು ಕಡ್ಡಿ ಹಾಕಿ ತೆಗೆದೆ. ಮುದ್ದಪ್ಪ ಸತ್ತ ದಿನ ಅಜ್ಜಿ ತಲೆಮೇಲೆ ನೀರು ಹಾಕಿಕೊಂಡು ಬಂದು, ಸಂಜೆಗೆ ಒಲೆ ಹಚ್ಚಕೂಡದೆಂದಳು.

“ಅವ್ವ, ಪುಸ್ತಕದಾಗಿನ ಮುದುಕ ಸತ್ರೆ ನಮಗ್ಯಾಕೆ ಸೂತಕ?” ಎಂದರು ದೊಡ್ಡಪ್ಪ.

“ಹದಿನೈದು ದಿನದಿಂದ ನಮ್ಮ ಪಡಸಾಲ್ಯಾಗೆ ಕೂತಿದ್ದ ಮನುಷ್ಯ ಅವನು. ನಿನಗೆ ಗಂಟಲಾಗೆ ಇಳೀತೈತೆ ಅಂದ್ರೆ ನೀನು ಉಣ್ಣು.”

ದೊಡ್ಡಪ್ಪ ಅಂದು ಮಂಡಕ್ಕಿ ತಿಂದು ಸುಧಾರಿಸಿಕೊಂಡರು.

ಇಲ್ಲಿಂದ ಮುಂದಕ್ಕೆ ಓದುವಾಗ ನಾನು ದೊಡ್ಡಪ್ಪನ ಮುಖ ನೋಡುವುದನ್ನು ಬಿಟ್ಟೆ. ಅದಕ್ಕೆ ಕಾರಣ ಹೇಳುತ್ತೇನೆ. ಪುಸ್ತಕದಲ್ಲಿ ಮುದ್ದಪ್ಪ ಬದುಕಿದ್ದಾಗ ಮಗಳಿಗೆ ಒಂದು ಹಸು ಕೊಡುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಅವನು ಸತ್ತ ಮೇಲೆ ಅಣ್ಣಂದಿರು ಆ ಹಸುವನ್ನು ಕೊಡುವುದಿಲ್ಲ. ನೀಲವ್ವ ಒಂದು ಮಾತೂ ಆಡದೆ, ನೀರೂ ಕುಡಿಯದೆ ತವರಿನಿಂದ ಹೊರಟುಹೋಗುತ್ತಾಳೆ. ಆಮೇಲೆ ಸುಮಾರು ಇನ್ನೂರು ಪುಟಗಳ ಕಾಲ ಆಕೆಯ ಹೆಸರೇ ಇಲ್ಲ. ಸೊಸೆಯಂದಿರು ಬರುತ್ತಾರೆ, ಮಕ್ಕಳು ಹುಟ್ಟುತ್ತವೆ, ಬಾವಿಯಲ್ಲಿ ನೀರು ಬೀಳುತ್ತದೆ; ನೀಲವ್ವ ಮಾತ್ರ ಎಲ್ಲಿಯೂ ಇಲ್ಲ. ಬರೆದವರು ಆಕೆಯನ್ನು ಮರೆತೇಬಿಟ್ಟರೆಂದು ಮೊದಲ ಸಲ ಓದಿದಾಗ ನನಗೆ ಅನ್ನಿಸಿತ್ತು. ಆದರೆ ಅಜ್ಜಿ ದಿನಾ ಓದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನೀಲವ್ವನ ಸುದ್ದಿ ಬಂತಾ?” ಇಲ್ಲವೆಂದರೆ, “ಹೂಂ,” ಎಂದು ಏಳುತ್ತಿದ್ದಳು. ಹೇಳದೆ ಬಿಡುವುದರಿಂದಲೇ ಒಬ್ಬಳನ್ನು ಐದು ಜನ ಕೇಳುಗರ ನಡುವೆ ದಿನವೂ ತಂದು ಕೂರಿಸಬಹುದೆಂಬುದನ್ನು ನಾನು ಕಂಡದ್ದು ಆಗ.

ಏಕೆಂದರೆ ನಮ್ಮ ಮನೆಯಲ್ಲೂ ಹನ್ನೆರಡು ವರ್ಷದಿಂದ ಹೇಳದೆ ಬಿಟ್ಟ ಹೆಸರೊಂದಿತ್ತು. ಕೊಟ್ರಮ್ಮ ಅತ್ತೆ, ದೊಡ್ಡಪ್ಪ ಹಾಗೂ ಅಪ್ಪನ ಒಬ್ಬಳೇ ತಂಗಿ. ಆಕೆಯನ್ನು ನ್ಯಾಮತಿಯಿಂದ ಒಳಗಿರುವ ಒಂದು ಹಳ್ಳಿಗೆ ಕೊಟ್ಟಿತ್ತು. ಅಜ್ಜ ತೀರಿಕೊಂಡಾಗ ಆಕೆ ಬರುವವರೆಗೆ ಕಾಯಲಿಲ್ಲ. ದೊಡ್ಡಪ್ಪ ತಂತಿ ಕೊಟ್ಟಿದ್ದರು; ಅದು ಆಕೆಯ ಹಳ್ಳಿಗೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು, ಅಲ್ಲಿಂದ ನಮ್ಮೂರು. ನಾಲ್ಕು ಬಸ್ಸು ಬದಲಿಸಿ ಅತ್ತೆ ಬಂದಾಗ ಅಜ್ಜನನ್ನು ಮಣ್ಣು ಮಾಡಿ ಒಂದು ದಿನ ಕಳೆದಿತ್ತು. ಅತ್ತೆ ನೇರ ಹೊಲಕ್ಕೆ ಹೋಗಿ ಆ ಹಸಿಮಣ್ಣಿನ ಹತ್ತಿರ ಸ್ವಲ್ಪ ಹೊತ್ತು ಕುಳಿತು, ಮನೆಯ ಹೊಸ್ತಿಲು ತುಳಿಯದೆ ಬಂದ ಹಾದಿಯಲ್ಲೇ ಹಿಂದಿರುಗಿದರು. ಆಗ ನಾನು ಚಿಕ್ಕವಳು. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಅಜ್ಜಿಯ ಕೈ ನನಗೆ ನೆನಪಿದೆ.

ಹೀಗೆ ರಜೆ ಮುಗಿಯಲು ಒಂದು ವಾರ ಉಳಿದಿತ್ತು. ಕಾದಂಬರಿಯಲ್ಲಿ ಒಂದೇ ಅಧ್ಯಾಯ ಉಳಿದಿತ್ತು. ನಾನು ಪುಟ ತಿರುವಬೇಕೆನ್ನುವಾಗ ಅಜ್ಜಿ ತನ್ನ ಅಂಗೈಯನ್ನು ಪುಸ್ತಕದ ಮೇಲೆ ಇಟ್ಟಳು.

“ಇಷ್ಟಕ್ಕೆ ನಿಲ್ಲಿಸು. ಇನ್ನು ಮಂಗಳ. ಮನೆ ಹೆಣ್ಣುಮಗಳು ಬರದಂಗೆ ಮಂಗಳ ಆಗಾಕಿಲ್ಲ.”

ದೊಡ್ಡಪ್ಪ ನನ್ನ ಮುಖ ನೋಡಿ, “ಇದು ಪುರಾಣ ಅಲ್ಲವ್ವ, ಕಾದಂಬರಿ. ನಿಮ್ಮಿ ಮೊದಲ ದಿನಾನೇ ಹೇಳ್ಯಾಳೆ,” ಎಂದರು.

“ನೀಲವ್ವನ ಮದುವ್ಯಾಗೆ ಅಕ್ಕಿಕಾಳು ಹಾಕುವಾಗ ಪುರಾಣ ಆಗಿತ್ತು. ಈಗ ಹೆಂಗೆ ಕಾದಂಬರಿ ಆತು ತಿಪ್ಪಣ್ಣ?”

“ಆಕೆ ತಾನಾಗಿ ಹೋದೋಳು. ನಾನು ಕಳಿಸಿಲ್ಲ.”

“ಕಳಿಸಿಲ್ಲ. ಕರೆದೂ ಇಲ್ಲ.”

ಅಜ್ಜಿ ಅಷ್ಟು ಹೇಳಿ, ಪುಸ್ತಕವನ್ನು ತೆರೆದಿದ್ದಂತೆಯೇ ಬಿಳಿಯ ವಸ್ತ್ರದಲ್ಲಿ ಮುಚ್ಚಿ ಎದ್ದುಹೋದಳು. ಅಂದಿನಿಂದ ಮಧ್ಯಾಹ್ನ ಎಲ್ಲರೂ ಪಡಸಾಲೆಗೆ ಬರುತ್ತಿದ್ದರು, ಕೂರುತ್ತಿದ್ದರು, ವಸ್ತ್ರ ಹೊದ್ದ ಪುಸ್ತಕವನ್ನು ನೋಡುತ್ತಿದ್ದರು. ನೀಲವ್ವ ಏನಾದಳೆಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದುದೇ ನನ್ನ ಸಂಕಟ. ಕಾದಂಬರಿಯ ಕೊನೆಯಲ್ಲಿ ಒಳ್ಳೆಯದೇನೂ ಇರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ನಾನು ಹಾಲಿನ ಚೆಂಬು ಹಿಡಿದು ಹೋಗುತ್ತಿದ್ದಾಗ, ಇನ್ನೊಂದು ತುದಿ ಹಿಡಿದುಕೊಳ್ಳೆಂದು ಕರೆದರು. ಹಿಡಿದೆ. ಸ್ವಲ್ಪ ಹೊತ್ತು ಹೊಸೆದು, ತಲೆ ಎತ್ತದೆ ಕೇಳಿದರು.

“ಕಡೀಗೆ ಏನಾಗ್ತೈತೆ?”

“ಯಾವುದು ದೊಡ್ಡಪ್ಪಾ?”

“ಗೊತ್ತಿಲ್ಲದೋರಂಗೆ ಆಡಬ್ಯಾಡ. ಅಣ್ಣಂದಿರು ಹೋಗಿ ಕರೀತಾರಾ?”

ಸುಳ್ಳು ಹೇಳಬಹುದಿತ್ತು. ಕರೆಯುತ್ತಾರೆ, ನೀವೂ ಹೋಗಿ ಎನ್ನಬಹುದಿತ್ತು. ಆದರೆ ಆರುನೂರು ಪುಟದಲ್ಲಿ ಒಂದು ಎತ್ತಿನ ಸಾವನ್ನು ಕೂಡ ಸುಳ್ಳಾಗಲು ಬಿಡದವರ ಪುಸ್ತಕ ಅದು. ಅದರ ಬಗ್ಗೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ.

“ಕರೆಯುವುದಿಲ್ಲ. ಈ ವರ್ಷ ಮಳೆ ಇಲ್ಲ, ಮುಂದಿನ ವರ್ಷ ಹೋಗೋಣ ಎನ್ನುತ್ತಾರೆ. ಆಮೇಲೆ ಕಾಯಿಲೆಯ ಸುದ್ದಿ ಬಂದಾಗ ಹೊರಡುತ್ತಾರೆ. ಅವರು ಮುಟ್ಟುವ ಹೊತ್ತಿಗೆ...”

“ಮಣ್ಣು ಆಗಿರ್ತೈತಾ?”

“ಆಗಿರುತ್ತದೆ.”

ದೊಡ್ಡಪ್ಪನ ಕೈಯಲ್ಲಿ ಹಗ್ಗ ತಿರುವು ಬಿಚ್ಚಿಕೊಂಡಿತು. “ತಂತಿ ಕೊಟ್ಟಿದ್ದು ಕುಣಿ ತೋಡಾಕೆ ಹೇಳಿದ ಮ್ಯಾಲೆ, ನಿಮ್ಮಿ,” ಎಂದರು. “ಬಿಸಿಲು ಐತೆ, ಹೊತ್ತು ಮುಳುಗ್ತೈತೆ, ಬ್ಯಾಗ ಮಾಡು ಅಂದ್ರು ಜನ. ಮರುದಿನದ ತನಕ ಇಡಬಹುದಿತ್ತು. ಇಡಬಹುದಿತ್ತು ಅಂತ ಅವತ್ತೇ ಗೊತ್ತಿತ್ತು.”

ನಾನು ಸರಿಯಾದ ಮಾತು ಹುಡುಕುವಷ್ಟರಲ್ಲಿ ಅವರು ಎದ್ದಿದ್ದರು. ಒಗೆದ ಧೋತ್ರ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು, ಎಲ್ಲಿಗೆಂದು ಯಾರಿಗೂ ಹೇಳದೆ ಜಗಳೂರಿನ ಬಸ್ಸು ಹತ್ತಿದರು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. ನನ್ನನ್ನು ಕೇಳಲಿಲ್ಲ, ಒಳಗೆ ಹೋಗಿ ಅಕ್ಕಿ ಆರಿಸಲು ಕುಳಿತಳು.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿನಿಂದ ಇಬ್ಬರು ಇಳಿದರು. ದೊಡ್ಡಪ್ಪನ ಕೈಯಲ್ಲಿ ಹೆಂಗಸರ ಚೀಲ. ಅತ್ತೆಯ ತಲೆ ಅರ್ಧ ಬೆಳ್ಳಗಾಗಿತ್ತು. ಅಜ್ಜಿ ತಂಬಿಗೆ ನೀರು ತಂದು ಮಗಳ ಕಾಲ ಮೇಲೆ ಹಾಕಿದಳು. ಅತ್ತೆ ಒಂದು ಕ್ಷಣ ನಿಂತು, ಹೊಸ್ತಿಲು ದಾಟಿ ಒಳಗೆ ಬಂದರು. ಇಬ್ಬರೂ ಅಳಲಿಲ್ಲ. “ಬಡವಾಗೀಯಲ್ಲೇ ಕೊಟ್ರಿ,” ಎಂದಳು ಅಜ್ಜಿ. “ನೀನೇನು ಊದೀಯೇನು?” ಎಂದರು ಅತ್ತೆ.

ಆಮೇಲೆ ಊಟಕ್ಕೆ ಕುಳಿತಾಗ ಅತ್ತೆಯೇ ಹೇಳಿದರು: “ಬಾಗಿಲಾಗೆ ಬಂದು ನಿಂತ. ನಾನು ಒಳಗೆ ಬಾ ಅನ್ನಲಿಲ್ಲ. ‘ಪುಸ್ತಕ ನಿಂತೈತೆ ಕೊಟ್ರಿ, ನೀನು ಬರೋತನಕ ಓದಂಗಿಲ್ಲ ಅಂತಾಳೆ ಅವ್ವ’ ಅಂದ. ಹನ್ನೆರಡು ವರ್ಷಕ್ಕೆ ಬಂದೋನು ಪುಸ್ತಕದ ಸುದ್ದಿ ತಂದಾನಲ್ಲ ಅಂತ ಸಿಟ್ಟೂ ಬಂತು, ನಗೂ ಬಂತು. ತಪ್ಪಾತು ಅನ್ನಲಿಲ್ಲ.”

“ಅಂದೆನಲ್ಲ,” ಎಂದರು ದೊಡ್ಡಪ್ಪ ತಟ್ಟೆ ನೋಡುತ್ತ.

“ಹೊನ್ನಾಳಿ ದಾಟಿದ ಮ್ಯಾಲೆ ಅಂದೆ. ನಾನು ಇಳಿದು ಹೋಗಾಕೆ ಆಗದಂಗೆ ನೋಡ್ಕೊಂಡು.”

ಮರುದಿನ ಮಂಗಳ. ಪಡಸಾಲೆ ಸಾರಿಸಿ, ಹೋಳಿಗೆ ಮಾಡಿ, ಮಧ್ಯಾಹ್ನ ಎಲ್ಲರೂ ಕುಳಿತರು. ನನ್ನ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬೇಕು. ಹನ್ನೆರಡು ವರ್ಷದ ಮೇಲೆ ಬಂದ ಹೆಣ್ಣುಮಗಳ ಎದುರಿಗೆ, ತವರು ಕಾಣದೆ ಸಾಯುವ ಹೆಣ್ಣುಮಗಳ ಅಧ್ಯಾಯವನ್ನು ನಾನು ಓದಬೇಕಾಗಿತ್ತು. ಹಿಂದಿನ ದಿನವೆಲ್ಲ ನಾನು ಮನಸ್ಸಿನಲ್ಲೇ ಬೇರೊಂದು ಅಂತ್ಯವನ್ನು ಕಟ್ಟಿದ್ದೆ. ಅದರಲ್ಲಿ ನೀಲವ್ವ ಗುಣವಾಗುತ್ತಿದ್ದಳು, ಹಸುವಿನೊಂದಿಗೆ ಕರುವೂ ಬರುತ್ತಿತ್ತು. ಆದರೆ ಅತ್ತೆ ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಅವರು ನನ್ನ ಮಗ್ಗುಲಲ್ಲೇ ಕುಳಿತು “ಎಲ್ಲೈತೆ?” ಎಂದು ಪುಟದ ಮೇಲೆ ಬೆರಳಿಟ್ಟರು. ನನ್ನ ಕರು ಅಲ್ಲಿಗೇ ಸತ್ತಿತು.

ಇದ್ದದ್ದನ್ನು ಇದ್ದಂತೆ ಓದಿದೆ. ಅಣ್ಣಂದಿರು ಬಿಸಿಲಲ್ಲಿ ನಡೆದು ನೀಲವ್ವನ ಊರು ಮುಟ್ಟುತ್ತಾರೆ. ಹೊಲದಲ್ಲಿ ಹಸಿ ಮಣ್ಣು ಕಾಣುತ್ತದೆ. ಹಿರಿಯಣ್ಣ ಅಲ್ಲಿದ್ದ ಹೆಂಗಸೊಬ್ಬಳನ್ನು, ಕೊನೆಗೆ ನೀರು ಕುಡಿದಳಾ ಎಂದು ಕೇಳುತ್ತಾನೆ. ಆ ಹೆಂಗಸು ಉತ್ತರ ಕೊಡದೆ ಅವನ ಕೈಗೇ ಒಂದು ಚೆಂಬು ನೀರು ಕೊಡುತ್ತಾಳೆ. ಅವನು ಅದನ್ನು ಕುಡಿಯಲೂ ಆರದೆ, ಚೆಲ್ಲಲೂ ಆರದೆ ಬಯಲಿನಲ್ಲಿ ನಿಂತಿರುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಅಷ್ಟು ದೊಡ್ಡ ಬಯಲು, ಅಷ್ಟೊಂದು ಜನ, ನಾಲ್ಕು ತಲೆಮಾರು ಎಲ್ಲವೂ ಆ ಒಂದು ಚೆಂಬಿನ ಸುತ್ತ ಬಂದು ನಿಂತಂತೆ ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಹೆಸರು ತಿಳಿಯದ ಆ ದೊಡ್ಡವರಿಗೆ ಇದಕ್ಕಿಂತ ಚೆನ್ನಾಗಿ ನಮಸ್ಕಾರ ಹೇಳಲು ನನಗೆ ಬಾರದು.

ದೊಡ್ಡಪ್ಪ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಿದ್ದರು. ನಾನು ಗಾಬರಿಯಿಂದ ಹಾಳೆ ತಿರುವಿದೆ. ಮುಂದೆ ಏನೂ ಇರಲಿಲ್ಲ. ಕೆಟ್ಟ ಕಡೆಯಲ್ಲಿ ಮುಚ್ಚಬಾರದು. ಮುಂದೆ ಓದಲು ಪುಟವಿಲ್ಲ.

“ಮುಗೀತು ಅಜ್ಜಿ. ಇಷ್ಟೇ ಐತೆ,” ಎಂದೆ. ಆಡುವಾಗ ನಾಲಿಗೆಯನ್ನು ತಿದ್ದಿಕೊಳ್ಳಲಿಲ್ಲ.

“ಮುಚ್ಚಬ್ಯಾಡ. ಹಂಗೇ ಇರಲಿ,” ಎಂದಳು ಅಜ್ಜಿ. ಅತ್ತೆಯನ್ನು ತೆರೆದ ಪುಸ್ತಕದ ಎದುರಿಗೆ ಮಣೆಯ ಮೇಲೆ ಕೂರಿಸಿದಳು. ದೊಡ್ಡವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಯಡಿಕೆ, ಕುಬಸದ ಕಣದ ಬಟ್ಟೆ ಇಟ್ಟು ಉಡಿ ತುಂಬಿದಳು. ದೊಡ್ಡಪ್ಪ ಎದ್ದು ಬಂದು ಹಸಿರು ಸೀರೆಯೊಂದನ್ನು ತಂಗಿಯ ಮಡಿಲಲ್ಲಿಟ್ಟರು. ಅತ್ತೆ ಆ ಸೀರೆಯನ್ನೂ ಪುಸ್ತಕವನ್ನೂ ನೋಡಿ, ಮೂಗು ಒರೆಸಿಕೊಂಡು ಅಂದರು:

“ಆ ನೀಲವ್ವಗೂ ಇಷ್ಟು ಕೊಡಿಸಿದ್ರೆ ಬರೆದೋನ ಗಂಟೇನು ಹೋಗ್ತಿತ್ತು?”

“ಆತನ್ನ ಬೈಬ್ಯಾಡ,” ಎಂದರು ದೊಡ್ಡಪ್ಪ. “ಆತ ಕೊಡಿಸಿದ್ರೆ ನಾನು ಕೇಳಿ ಸುಮ್ನೆ ಎದ್ದುಹೋಗ್ತಿದ್ದೆ.”

ಅಜ್ಜಿ ಮಗಳ ಹಣೆಗೆ ಕುಂಕುಮ ಹಚ್ಚಿ, ನನ್ನ ಕಡೆ ತಿರುಗಿ, “ಈಗ ಮುಚ್ಚು,” ಎಂದಳು. ಮುಚ್ಚಿದೆ.

ಶಾಲೆ ತೆರೆದ ದಿನ ಪುಸ್ತಕವನ್ನು ಹಿಂದಿರುಗಿಸುವಾಗ ಕ್ಷಮಾಪಣೆಯ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕತ್ತಲಗೆರೆಯ ಮೇಡಂ ಹದಿನೈದನೆಯ ಪುಟದ ಅರಿಸಿನ ಕುಂಕುಮವನ್ನು ನೋಡಿ, ಬೆರಳಿನಿಂದ ಮುಟ್ಟಿ, ಏನೂ ಕೇಳದೆ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ಅತ್ತೆ ಪ್ರತಿ ವರ್ಷ ಪಂಚಮಿಗೆ ಬಂದು ವಾರವಿದ್ದು ಹೋಗುತ್ತಾರೆ. ಅವರ ಹಿರಿಯ ಮಗಳು ನನ್ನ ಜೊತೆ ಚನ್ನಗಿರಿಯ ಕೋಣೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದಳು. ನಾಲ್ಕು ವರ್ಷದ ನಂತರ ಅಜ್ಜಿ ತೀರಿಕೊಂಡಾಗ ದೊಡ್ಡಪ್ಪ ತಂತಿಯನ್ನು ನಂಬಲಿಲ್ಲ. ಅಪ್ಪನನ್ನೇ ಬಸ್ಸು ಹತ್ತಿಸಿ ನ್ಯಾಮತಿಗೆ ಕಳಿಸಿದರು. ಹೊತ್ತಾಯಿತೆಂದು ಊರಿನ ಹಿರಿಯರು ಎರಡು ಸಲ ಬಂದು ಹೇಳಿದರು. ದೊಡ್ಡಪ್ಪ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಅತ್ತೆ ಬಂದು ತಾಯಿಯ ಮುಖ ನೋಡಿ, ಬಾಯಿಗೆ ನೀರು ಬಿಟ್ಟ ಮೇಲೆಯೇ ದೊಡ್ಡಪ್ಪ ಕುಣಿ ತೋಡಲು ಜನರನ್ನು ಕಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ತೀರಿಕೊಂಡರೂ ಹೆಣ್ಣುಮಕ್ಕಳು ಬಂದು ಸೇರುವವರೆಗೆ ಗುದ್ದಲಿ ಹೊರಗೆ ತೆಗೆಯುವುದಿಲ್ಲ.